ಮಡಿಯುಟ್ಟ ಕಿವಿ

ನಮ್ಮ ಸಂಗೀತ ರಸಿಕರಲ್ಲಿ ಒಂದು ಪಂಗಡದವರಿಗೆ ಕಿವಿಗೂ ಮಡಿ ಉಂಟು. ‘ಫ್ಯೂಜನ್’ ಎಂಬ ಶಬ್ದ ಬಿದ್ದರೆ ಸಾಕು, ಮೈಲಿಗೆಯಾಯಿತೆಂದು ಎದ್ದು ನಿಲ್ಲುತ್ತಾರೆ. ಅದರಲ್ಲಿ ವಿದ್ಯುತ್ ಗಿಟಾರೂ ಗಣಕಯಂತ್ರವೂ ಸೇರಿದ್ದರಂತೂ ಮಾತೇ ಬೇಡ. ಕಲಬೆರಕೆ, ಯಂತ್ರದ ಗದ್ದಲ, ಭಾವವಿಲ್ಲ ಎಂಬ ತೀರ್ಪು ಕೇಳುವ ಮೊದಲೇ ಸಿದ್ಧವಾಗಿರುತ್ತದೆ.

ಹೋದ ಬೇಸಗೆಯಲ್ಲಿ ಕಳ್ಳಕವಟಗಿಗೆ ಹೋಗಿದ್ದೆ. ದ್ರಾಕ್ಷಿ ಒಣಗಿಸುವ ಶೆಡ್ಡಿನ ನೆರಳಲ್ಲಿ ನಮ್ಮ ಬಳಗದ ಹುಡುಗನೊಬ್ಬ ಮೊಬೈಲಿನಲ್ಲಿ ಏನನ್ನೋ ಹಚ್ಚಿದ್ದ. ಭಜನೆಯಲ್ಲಿ ತಾಳ ಹಿಡಿದೇ ಮುಪ್ಪಾದ ಅಜ್ಜ ಕೇಳಿದರು:

“ಅದೇನ್ ಗದ್ಲ ಹಚ್ಚೀಯೋ ತಮ್ಮಾ?”

“ಮಹಾಂತಪ್ಪ ಅಂತ ಅಜ್ಜಾ, ಅಮೆರಿಕಾದಾಗ ಇರ್ತಾನ.”

“ಮಹಾಂತಪ್ಪ? ಯಾವೂರ ಮಹಾಂತಪ್ಪೋ?”

ಹುಡುಗ ನಕ್ಕ. ಅಜ್ಜ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೇಳಿದರು, ಬೆರಳು ತಾನಾಗಿಯೇ ಮೊಣಕಾಲ ಮೇಲೆ ಆಡತೊಡಗಿತು. “ಲೆಕ್ಕ ಐತಿ ಬಿಡು ಇದರಾಗ” ಅಂದರು. ನಮ್ಮ ನಗರದ ವಿಮರ್ಶಕರು ಹೇಳದೆ ಉಳಿಸಿದ ಮಾತು ಇದೇ.

ಹುಡುಗ ಹಚ್ಚಿದ್ದು ‘ಸಂಧಿ’ ಎಂಬ ಆಲ್ಬಮ್. 2011ರಲ್ಲಿ ಜರ್ಮನಿಯ ಆಕ್ಟ್ ಸಂಸ್ಥೆ ಹೊರತಂದದ್ದು. ರುದ್ರೇಶ ಮಹಾಂತಪ್ಪ ಕರ್ನಾಟಕ ಮೂಲದ ದಂಪತಿಗಳ ಮಗ. 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ ಅಮೆರಿಕದ ಕೊಲರಾಡೋದಲ್ಲಿ ಬೆಳೆದವರು. ಇದರಲ್ಲಿ ಅವರು ಸ್ಯಾಕ್ಸೊಫೋನ್ ಜತೆಗೆ ಲ್ಯಾಪ್‌ಟಾಪನ್ನೂ ನುಡಿಸಿದ್ದಾರೆ. ಡೇವಿಡ್ ಗಿಲ್ಮೋರರ ಗಿಟಾರು, ರಿಚ್ ಬ್ರೌನರ ವಿದ್ಯುತ್ ಬೇಸು, ಡೇಮಿಯನ್ ರೀಡರ ಡ್ರಮ್ಮು; ಇವುಗಳ ನಡುವೆ ಅನಂತಕೃಷ್ಣನ್ ಅವರ ಮೃದಂಗ ಮತ್ತು ಖಂಜಿರ. ಕಾಗದದ ಮೇಲೆ ಓದಿದರೆ ಸಂತೆಯಂತೆಯೇ ತೋರುತ್ತದೆ, ಒಪ್ಪುತ್ತೇನೆ.

ಆದರೆ ಕೇಳಿ ನೋಡಿ. ಫಂಕ್ ಎಂಬುದು 1960ರ ದಶಕದಲ್ಲಿ ಜೇಮ್ಸ್ ಬ್ರೌನ್ ಮೊದಲಾದವರು ರೂಢಿಸಿದ ಬಗೆ. ಅದರ ಗುಟ್ಟೆಲ್ಲ ಆವರ್ತದ ಮೊದಲನೆಯ ಪೆಟ್ಟಿನಲ್ಲಿದೆ. ವಾದ್ಯಗಳು ಎಲ್ಲೆಲ್ಲೋ ಅಲೆದರೂ ಆ ಒಂದು ಪೆಟ್ಟಿಗೆ ಎಲ್ಲರೂ ಮನೆಗೆ ಬರಬೇಕು. ಇದಕ್ಕೆ ನಾವು ‘ಸಮ’ ಎನ್ನುವುದಿಲ್ಲವೇ? 1973ರಲ್ಲಿ ಹರ್ಬಿ ಹ್ಯಾನ್ಕಾಕ್ ಸಿಂಥಸೈಜರಿನ ಮೇಲೆ ಒಂದು ಬೇಸ್ ಸಾಲನ್ನು ತಿರುಗಿಸಿ ತಿರುಗಿಸಿ ನುಡಿಸಿ ‘ಹೆಡ್ ಹಂಟರ್ಸ್’ ಮಾಡಿದಾಗ ಲಕ್ಷಾಂತರ ಜನ ಮುಗಿಬಿದ್ದದ್ದು ಯಂತ್ರದ ಮೋಹಕ್ಕಲ್ಲ. ಸಮಕ್ಕೆ ಕಾಯುವ ಸುಖಕ್ಕೆ. ‘ಸಂಧಿ’ಯಲ್ಲಿ ಬೆಸುಗೆ ನಡೆದಿರುವುದೂ ಅಲ್ಲೇ, ಲಯದ ತಳದಲ್ಲಿ. ಡ್ರಮ್ಮೂ ಮೃದಂಗವೂ ಎದುರುಬದುರಾಗುವ ‘ಮೀಟಿಂಗ್ ಆಫ್ ದಿ ಸ್ಕಿನ್ಸ್’ನಲ್ಲಿ ಯಾರು ಅತಿಥಿ, ಯಾರು ಮನೆಯವರು ಎಂದು ಹೇಳುವುದು ಕಷ್ಟ.

ಮಡಿವಂತರ ದೂರಿನಲ್ಲಿ ಸತ್ಯವೇ ಇಲ್ಲವೆಂದಲ್ಲ. ಚಿತ್ರಾನ್ನಕ್ಕೆ ಕೊತ್ತಂಬರಿ ಉದುರಿಸಿದಂತೆ ನಾಲ್ಕು ಕೊನ್ನಕೋಲು ಉದುರಿಸಿ ಫ್ಯೂಜನ್ ಎಂದು ಮಾರುವವರು ಬೇಕಾದಷ್ಟಿದ್ದಾರೆ. ಅವರನ್ನು ಬೈಯಿರಿ, ನಾನೂ ದನಿಗೂಡಿಸುತ್ತೇನೆ. ‘ಸಂಧಿ’ಯಲ್ಲೂ ಕೆಲವೆಡೆ ಯಂತ್ರದ ಹೊಗೆಯಲ್ಲಿ ಸ್ಯಾಕ್ಸೊಫೋನಿನ ಉಸಿರು ಕಟ್ಟಿದೆ. ಆದರೆ ಈ ದೂರು ಕೇಳಿದವನದು. ಕೇಳದೆ ಮೂಗು ಮುರಿಯುವವರಿಗೆ ಇದನ್ನು ಎರವಲು ಕೊಡಲಾರೆ.

ಪರದೇಶಿ ವಾದ್ಯವೆಂಬ ಆಕ್ಷೇಪವಂತೂ ನಗೆಗೀಡು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದರಲ್ಲಿ ಗಮಕ ತೆಗೆದು ತೋರಿಸಿದ ಮೇಲೆ ನಾವೇ ಹಾರ ಹಾಕಲಿಲ್ಲವೇ? ಆ ಕದ್ರಿಯವರ ಒಂದು ಧ್ವನಿಮುದ್ರಿಕೆಯನ್ನು ಮಹಾಂತಪ್ಪನವರಿಗೆ ಅಣ್ಣ ಅರೆತಮಾಷೆಗೆ ಕೊಟ್ಟನಂತೆ. ತಮಾಷೆ ಬೆಳೆದು 2008ರಲ್ಲಿ ಇಬ್ಬರೂ ಜೊತೆಯಾಗಿ ‘ಕಿನ್ಸ್‌ಮೆನ್’ ನುಡಿಸಿದರು. ಅಂದರೆ ಈ ಮನುಷ್ಯ ಬಂದದ್ದು ನಮ್ಮ ಹಿತ್ತಿಲ ಬಾಗಿಲಿನಿಂದಲೇ.

ವಿಜಾಪುರದ ಕಡೆಯವರು ಶುದ್ಧಿಯ ಮಾತಾಡಿದರೆ ನನಗೆ ಇನ್ನೂ ಸೋಜಿಗ. ನಗರದಿಂದ ತಿಕೋಟಾ ದಾರಿ ಹಿಡಿದರೆ ತೊರವಿಯ ಬಳಿ ಸಂಗೀತ ಮಹಲಿನ ಗೋಡೆಗಳು ನಿಂತಿವೆ. ಎರಡನೆಯ ಇಬ್ರಾಹಿಂ ಆದಿಲಶಾಹನ ನವರಸಪುರ ಅದು. ದಖ್ಖನಿಯಲ್ಲಿ ಹಾಡು ಕಟ್ಟಿ ಸರಸ್ವತಿಯನ್ನು ಸ್ತುತಿಸಿದ ಸುಲ್ತಾನ ಅವನು. ಆ ಗೋಡೆಗಳ ಮುಂದೆ ನಿಂತು ‘ಕಲಬೆರಕೆ’ ಎನ್ನಲು ಎದೆಗಾರಿಕೆ ಬೇಕು!

ಹಾರ್ಮೋನಿಯಮ್ಮಿನ ಕಥೆ ಎಲ್ಲರಿಗೂ ಗೊತ್ತು. ಪರಕೀಯವೆಂದು, ಗಮಕ ಹೊರಡದೆಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಟ್ಟಿತು. ಮೂವತ್ತು ವರ್ಷ ಬಾಗಿಲು ತೆರೆಯಲಿಲ್ಲ. ಆ ಕಾಲದಲ್ಲೆಲ್ಲ ನಮ್ಮ ನಾಟಕ ಕಂಪನಿಗಳೂ ಭಜನಾ ಮಂಡಳಿಗಳೂ ಅದರ ಮೇಲೆಯೇ ಹಾಡಿದವು. ಇಂದು ಅದಿಲ್ಲದೆ ಊರ ಭಜನೆ ಉಂಟೇ?

ಹುಡುಗನ ಬಗ್ಗೆ ಹೇಳಿದೆನಲ್ಲ. ಅವನಲ್ಲಿ ಒಂದು ಹಳೆಯ ಕೀಬೋರ್ಡ್ ಇದೆ. ಜಾತ್ರೆಗೆಂದು ಪಕ್ಕದ ಊರಿಗೆ ಹೊತ್ತುಕೊಂಡು ಹೋದವನನ್ನು ಅಲ್ಲಿಯ ಮಂಡಳಿಯ ಹಿರಿಯರು ‘ಯಂತ್ರ ಬ್ಯಾಡ’ ಎಂದು ಕಟ್ಟೆಯಿಂದ ಇಳಿಸಿದರಂತೆ. ಹೇಳುವಾಗ ಅವನ ಮುಖ ಚಿಕ್ಕದಾಯಿತು. ಆ ರಾತ್ರಿ ಕಟ್ಟೆಯ ನಡುವೆ ಕೆಂಪು ವಸ್ತ್ರದ ಮೇಲೆ ಪೂಜೆ ಮಾಡಿಸಿಕೊಂಡು ಕುಳಿತಿದ್ದದ್ದು ಹಾರ್ಮೋನಿಯಂ.