ನ್ಯೂಬಿಯ ಜೇಬಿನಲ್ಲಿದ್ದ ಪತ್ರಗಳು

1859ರ ಡಿಸೆಂಬರ್ 2ರಂದು ವರ್ಜೀನಿಯಾದ ಚಾರ್ಲ್ಸ್ ಟೌನ್‌ನಲ್ಲಿ, ಗುಲಾಮಗಿರಿಯ ವಿರುದ್ಧ ಆಯುಧ ಹಿಡಿದಿದ್ದ ಜಾನ್ ಬ್ರೌನ್‌ನನ್ನು ಗಲ್ಲಿಗೇರಿಸಿದಾಗ ಕಾವಲಿಗೆ ನಿಂತ ಸೈನಿಕರ ನಡುವೆ ಒಬ್ಬ ನಾಟಕದ ನಟನಿದ್ದ. ನೇಣು ನೋಡಲೆಂದೇ ಸಮವಸ್ತ್ರ ತೊಟ್ಟು ಬಂದಿದ್ದ ಅವನು ಜಾನ್ ವಿಲ್ಕ್ಸ್ ಬೂತ್. ಮುಂದೆ 1865ರಲ್ಲಿ ಅಬ್ರಹಾಂ ಲಿಂಕನ್‌ಗೆ ಗುಂಡಿಕ್ಕಿದವನು ಇವನೇ. ಬ್ರೌನ್ ಸತ್ತ ತಿಂಗಳೊಳಗೇ ಅವನ ಕಥೆ ನ್ಯೂಯಾರ್ಕಿನ ಬೋವರಿ ಥಿಯೇಟರಿನಲ್ಲಿ ನಾಟಕವಾಯಿತು. ಅಂದಿನಿಂದ ರಂಗಭೂಮಿಯಾಗಲಿ ತೆರೆಯಾಗಲಿ ಅವನ ಕೈ ಬಿಟ್ಟಿಲ್ಲ. ಹುಚ್ಚನೋ, ಹುತಾತ್ಮನೋ ಎಂಬ ಒಂದೇ ಪ್ರಶ್ನೆಯ ಸುತ್ತ ಬಹುಪಾಲು ಎಲ್ಲವೂ ಗಿರಕಿ ಹೊಡೆದಿವೆ.

ಆ ಪ್ರಶ್ನೆಯನ್ನು ಇನ್ನಾದರೂ ಬದಿಗಿಡಬೇಕು.

ಬ್ರೌನ್ ಚರ್ಮ ಹದ ಮಾಡುವ ಕಸುಬಿನಲ್ಲೂ ಉಣ್ಣೆ ವ್ಯಾಪಾರದಲ್ಲೂ ಕೈ ಸುಟ್ಟುಕೊಂಡವನು. ಗುಲಾಮಗಿರಿ ಮಹಾಪಾಪ, ಬರೀ ಮಾತಿಗೆ ಅದು ಜಗ್ಗುವುದಿಲ್ಲ ಎಂಬುದು ಅವನ ನಂಬಿಕೆ. 1856ರಲ್ಲಿ ಕ್ಯಾನ್ಸಸ್‌ನ ಪೊಟವಾಟಮಿ ಹಳ್ಳದ ಬಳಿ ಅವನ ಗುಂಪು ಗುಲಾಮಗಿರಿಯ ಪರವಿದ್ದ ಐವರನ್ನು ರಾತ್ರೋರಾತ್ರಿ ಮನೆಯಿಂದ ಹೊರಗೆಳೆದು ಕತ್ತಿಯಿಂದ ಕಡಿಯಿತು. ಅವನನ್ನು ಮೆಚ್ಚುವವರು ಇದನ್ನು ಮುಚ್ಚಿಡಬಾರದು. ಮೂರು ವರ್ಷದ ನಂತರ, ಗುಲಾಮರ ಕೈಗೆ ಆಯುಧ ಕೊಡಲೆಂದು, 21 ಮಂದಿಯನ್ನು ಕಟ್ಟಿಕೊಂಡು ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರಕ್ಕೆ ನುಗ್ಗಿದ. ಎರಡು ದಿನ ತುಂಬುವ ಮೊದಲೇ ಸೋತು ಸೆರೆಯಾದ. ಇಬ್ಬರು ಗಂಡುಮಕ್ಕಳು ಆ ಕಾಳಗದಲ್ಲೇ ಹೋದರು.

1940ರಲ್ಲಿ ಬಂದ ‘ಸಾಂಟಾ ಫೆ ಟ್ರೇಲ್’ ಚಿತ್ರ ಇಂದಿಗೂ ಕಸಿವಿಸಿ ಹುಟ್ಟಿಸುತ್ತದೆ. ಅದರಲ್ಲಿ ರೇಮಂಡ್ ಮ್ಯಾಸಿಯ ಬ್ರೌನ್ ಕಣ್ಣು ಕೆರಳಿಸಿಕೊಂಡು ಗುಡುಗುವ ಮತಾಂಧ. ನಾಯಕನ ಪಟ್ಟ, ಮುಂದೆ ಗುಲಾಮಗಿರಿ ಉಳಿಸಲು ಹೊರಟ ಪಕ್ಷದ ಸೇನಾನಿಯಾದ ಜೆಬ್ ಸ್ಟುವರ್ಟ್‌ಗೆ; ಆ ಪಾತ್ರ ಎರಲ್ ಫ್ಲಿನ್‌ನದು. ಬ್ರೌನ್ ಬಿಡಿಸಿ ತಂದ ಕಪ್ಪು ಜನ ಸ್ವಾತಂತ್ರ್ಯವೇ ಬೇಡವೆಂದು ಗೋಳಾಡುತ್ತಾರೆ. ಇದು ಬರೀ ತಪ್ಪು ಚಿತ್ರಣವಲ್ಲ, ಅನ್ಯಾಯ. ಅದೇ ಮ್ಯಾಸಿ 1955ರ ‘ಸೆವೆನ್ ಆಂಗ್ರಿ ಮೆನ್’ನಲ್ಲಿ ಮತ್ತೆ ಬ್ರೌನ್ ಆದಾಗ ಆ ಮುಖಕ್ಕೆ ಕೊಂಚ ಮನುಷ್ಯತ್ವ ಬಂತು.

2020ರಲ್ಲಿ ದಾರಿ ಸ್ವಲ್ಪ ಬದಲಾಯಿತು. ಜೇಮ್ಸ್ ಮೆಕ್‌ಬ್ರೈಡ್‌ರ ಕಾದಂಬರಿ ಆಧರಿಸಿದ ‘ದಿ ಗುಡ್ ಲಾರ್ಡ್ ಬರ್ಡ್’ ಧಾರಾವಾಹಿಯಲ್ಲಿ ಈಥನ್ ಹಾಕ್‌ರ ಬ್ರೌನ್‌ನನ್ನು ನಾವು ನೋಡುವುದು ಕಪ್ಪು ಹುಡುಗನೊಬ್ಬನ ಕಣ್ಣಿನಿಂದ. ಅದೇ ವರ್ಷ ‘ಎಂಪರರ್’ ಚಿತ್ರ, ಬ್ರೌನ್ ಜೊತೆ ಹೋಗಿ ಕೊನೆಗೆ ನೇಣಿಗೇರಿದ ಶೀಲ್ಡ್ಸ್ ಗ್ರೀನ್‌ನನ್ನು ನಾಯಕನನ್ನಾಗಿಸಿತು.

ಆದರೂ ಇನ್ನೂ ಹತ್ತಿರ ಹೋಗಬೇಕು. ಹಾರ್ಪರ್ಸ್ ಫೆರಿಗೆ ಹೋದವರಲ್ಲಿ ಐವರು ಕಪ್ಪು ಜನ. ಅವರಲ್ಲಿ ಡೇಂಜರ್‌ಫೀಲ್ಡ್ ನ್ಯೂಬಿ ಸ್ವತಂತ್ರನಾಗಿದ್ದ. ಹೆಂಡತಿ ಹ್ಯಾರಿಯೆಟ್ ಮತ್ತು ಮಕ್ಕಳು ವರ್ಜೀನಿಯಾದಲ್ಲಿ ಇನ್ನೂ ಒಡೆಯನ ಸ್ವತ್ತು. ಅವರನ್ನು ಕೊಂಡು ಬಿಡಿಸಲು ಕಾಸಿಗೆ ಕಾಸು ಕೂಡಿಟ್ಟರೂ ಒಡೆಯ ಒಪ್ಪಲಿಲ್ಲ. ಬ್ರೌನ್ ಗುಂಪಿನಲ್ಲಿ ಮೊದಲು ಸತ್ತವನು ನ್ಯೂಬಿಯೇ. ಹೆಂಡತಿಯ ಪತ್ರಗಳು ಅವನ ಬಳಿ ಸಿಕ್ಕವು. ಕೂಸು ಅಂಬೆಗಾಲಿಡಲು ಶುರುಮಾಡಿದೆ, ಒಡೆಯನಿಗೆ ಹಣದ ಮುಗ್ಗಟ್ಟು, ತನ್ನನ್ನು ಬೇರೆಯವರು ಕೊಳ್ಳುವ ಮೊದಲೇ ಬೇಗ ಬಾ ಎಂದು ಆಕೆ ಬರೆದಿದ್ದಳು.

ಬ್ರೌನ್ ಕುರಿತ ಮುಂದಿನ ಸಿನಿಮಾ ಈ ಪತ್ರಗಳಿಂದ ಶುರುವಾಗಲಿ. ಆಗ ಆ ಮುದುಕ ಏಕೆ ಕತ್ತಿ ಹಿಡಿದ ಎಂದು ಯಾರೂ ಅವನ ಕಣ್ಣಿನಲ್ಲಿ ಹುಡುಕಬೇಕಿಲ್ಲ. ನ್ಯೂಬಿ ಸತ್ತ ಮೇಲೆ ಹ್ಯಾರಿಯೆಟ್‌ಳನ್ನು ದೂರದ ಲೂಸಿಯಾನಾಕ್ಕೆ ಮಾರಿದರು.