ಓಡಿದರೆ ಸಾಕೆ ಹಳೆಯ ಟ್ರ್ಯಾಕ್ಟರ್?

ಹಳೆಯ ವಾಹನಗಳನ್ನು ಗುಜರಿಗೆ ಕಳುಹಿಸುವ ನೀತಿಯನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ಬಳಿಕ ಹಳ್ಳಿಗಳಲ್ಲಿ ಒಂದು ಆತಂಕ ಮನೆಮಾಡಿತ್ತು. ತಮ್ಮ ಟ್ರ್ಯಾಕ್ಟರನ್ನೂ ಸರ್ಕಾರ ಕಸಿದುಕೊಳ್ಳುವುದೇ ಎಂಬುದೇ ಆ ಆತಂಕ. ಕೃಷಿ ಟ್ರ್ಯಾಕ್ಟರ್ ಸಾರಿಗೆಯೇತರ ವಾಹನವೆಂದೂ, ಮೊದಲ 15 ವರ್ಷಗಳ ನೋಂದಣಿ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಓಡಿಸಬಹುದೆಂದೂ ಸಾರಿಗೆ ಸಚಿವಾಲಯ ಸ್ಪಷ್ಟಪಡಿಸಿದ ಮೇಲೆ ಅದು ತಣ್ಣಗಾಯಿತು. ಸಚಿವಾಲಯದ ನಿಲುವು ಸರಿಯಾದುದೆಂದೇ ನನ್ನ ಭಾವನೆ. ಆದರೆ ಹೀಗೆ ನವೀಕರಿಸುವಾಗ ಟ್ರ್ಯಾಕ್ಟರಿನಲ್ಲಿ ಏನನ್ನು ಪರೀಕ್ಷಿಸಬೇಕು ಎಂಬ ಪ್ರಶ್ನೆಯನ್ನು ನಾವು ಗಂಭೀರವಾಗಿ ಕೇಳಿಕೊಂಡಂತೆ ಕಾಣುವುದಿಲ್ಲ.

ಹಳೆಯ ಟ್ರ್ಯಾಕ್ಟರನ್ನು ದುರಸ್ತಿ ಮಾಡಿ ಓಡಿಸುವುದು ಹಿಂದುಳಿದಿರುವಿಕೆಯ ಲಕ್ಷಣವೇನಲ್ಲ. ಎರಡು-ಮೂರು ಎಕರೆಯ ರೈತನಿಗೆ ಹೊಸ ಯಂತ್ರದ ಸಾಲ ಹೊರುವುದಕ್ಕಿಂತ ಇಪ್ಪತ್ತೈದು ವರ್ಷದ ಹಳೆಯ ಯಂತ್ರದ ಎಂಜಿನ್ ಬಿಚ್ಚಿಸಿ ಕಟ್ಟಿಸುವುದೇ ವಿವೇಕ. ಎಲೆಕ್ಟ್ರಾನಿಕ್ಸಿನ ಸೋಂಕಿಲ್ಲದ ಆ ಡೀಸೆಲ್ ಎಂಜಿನುಗಳಿಗೆ ಲೈನರ್, ಪಿಸ್ಟನ್, ಬೇರಿಂಗ್ ಹಾಕಿದರೆ ಮತ್ತೆ ಹತ್ತು ವರ್ಷ ದುಡಿಯುತ್ತವೆ. ಬೆಂಗಳೂರಿನವರಿಗೆ ಎಚ್‌ಎಂಟಿ ಎಂದರೆ ಕೈಗಡಿಯಾರ; ರೈತರಿಗೆ ಅದು ಟ್ರ್ಯಾಕ್ಟರೂ ಹೌದು. ಅಂದಿನ ಚೆಕೊಸ್ಲೊವಾಕಿಯಾದ ನೆರವಿನಿಂದ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ 25 ಅಶ್ವಶಕ್ತಿಯ ಜೆಟರ್ ಮಾದರಿಯಿಂದ ಆರಂಭವಾದ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ನೀಡಿದ್ದು 2016ರಲ್ಲಿ. ಕಂಪನಿ ಮುಚ್ಚಿದರೂ ಯಂತ್ರಗಳು ಮುಚ್ಚಲಿಲ್ಲ. ಸಿಗದ ಬಿಡಿಭಾಗವನ್ನು ಲೇತ್ ಮೇಲೆ ಕಡೆದು, ಇನ್ನೊಂದು ಕಂಪನಿಯ ಪಂಪನ್ನು ಹೇಗೋ ಕೂಡಿಸಿ ಅವನ್ನು ಓಡಿಸುತ್ತಿರುವವರು ನಮ್ಮ ತಾಲ್ಲೂಕು ಕೇಂದ್ರಗಳ ಮೆಕ್ಯಾನಿಕ್‌ಗಳು. ಶಬ್ದ ಕೇಳಿಯೇ ಯಾವ ಇಂಜೆಕ್ಟರ್ ಕೆಟ್ಟಿದೆಯೆಂದು ಹೇಳಬಲ್ಲ ಇವರ ವಿದ್ಯೆಗೆ ಯಾವ ಪದವಿಯ ಹಂಗೂ ಇಲ್ಲ.

ತೊಡಕಿರುವುದು ಈ ದುರಸ್ತಿಯ ತರ್ಕದಲ್ಲಿ. ಯಂತ್ರ ಓಡಲು ಬೇಕಾದ ಭಾಗ ಕೆಟ್ಟರೆ ಅದನ್ನು ಆ ದಿನವೇ ಸರಿಪಡಿಸಲಾಗುತ್ತದೆ. ಮನುಷ್ಯ ಉಳಿಯಲು ಬೇಕಾದ ಭಾಗ ಕೆಟ್ಟರೆ ಅದನ್ನು ಕಳಚಿ ಮೂಲೆಗೆ ಎಸೆಯಲಾಗುತ್ತದೆ, ಏಕೆಂದರೆ ಅದಿಲ್ಲದೆಯೂ ಯಂತ್ರ ಓಡುತ್ತದೆ. ಮೂರು ಮಾಲೀಕರ ಕೈದಾಟಿ ಬಂದ ಟ್ರ್ಯಾಕ್ಟರನ್ನು ನೋಡಿ. ಎಂಜಿನ್ ಗಟ್ಟಿಯಾಗಿರುತ್ತದೆ, ಟೇಪ್ ರೆಕಾರ್ಡರೂ ಹಾಡುತ್ತಿರುತ್ತದೆ. ಹಿಂಬದಿಯ ಪಿಟಿಒ ಶಾಫ್ಟಿನ ಕವಚ ಮಾತ್ರ ಎಲ್ಲಿಯೋ ಮಾಯವಾಗಿರುತ್ತದೆ.

ಈ ಪಿಟಿಒ ಎಂಬುದು ಎಂಜಿನ್ನಿನ ಶಕ್ತಿಯನ್ನು ಒಕ್ಕಣೆ ಯಂತ್ರಕ್ಕೋ ರೋಟವೇಟರಿಗೋ ಸಾಗಿಸುವ ತಿರುಗುಕಂಬಿ. ಅದರ ವಾಡಿಕೆಯ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಸೆರಗಿನ ತುದಿಯೋ ಪಂಚೆಯ ಅಂಚೋ ಸಿಕ್ಕಿಕೊಂಡರೆ ಕೈ ಹಿಂದೆಳೆದುಕೊಳ್ಳಬೇಕೆಂಬ ಯೋಚನೆ ಮೂಡುವಷ್ಟರಲ್ಲಿ ಬಟ್ಟೆ ಹಲವು ಸುತ್ತು ಸುತ್ತಿಕೊಂಡಿರುತ್ತದೆ. ನಮ್ಮ ಕಣಗಳಲ್ಲಿ ಯಂತ್ರಕ್ಕೆ ತೆನೆ ಒಡ್ಡುವವರಲ್ಲಿ ಹೆಂಗಸರು ಬಹಳ, ಮತ್ತು ಅವರು ಉಡುವುದು ಸೀರೆ. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಗೋಳು ಹೆಚ್ಚಿದ್ದರಿಂದಲೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಅಂಥದೊಂದು ಕಾಯ್ದೆ ಇದೆಯೆಂಬುದು ಕಣದಲ್ಲಿ ನಿಂತವರಿಗೆ ತಿಳಿದಿರುತ್ತದೆಯೇ ಎಂದು ವಿಚಾರಿಸಲು ಹೋದರೆ ನಿರಾಶೆ ಖಂಡಿತ.

ಸ್ಟಾರ್ಟರಿನ ಕಥೆ ಇನ್ನೂ ಚಿಕ್ಕದು. ಗೇರಿನಲ್ಲಿರುವಾಗ ಎಂಜಿನ್ ಚಾಲೂ ಆಗದಂತೆ ತಡೆಯುವ ಅಗ್ಗದ ಸ್ವಿಚ್ಚೊಂದು ಅನೇಕ ಟ್ರ್ಯಾಕ್ಟರುಗಳಲ್ಲಿರುತ್ತದೆ. ಅದು ಕೆಟ್ಟೊಡನೆ ಎರಡು ತಂತಿಗಳನ್ನು ಹೊಸೆದು ಬಿಡುತ್ತಾರೆ. ಆಮೇಲೆ ಕೀಲಿಯೂ ಕೆಡುತ್ತದೆ. ಆಗ ಹಿಂದಿನ ಚಕ್ರದ ಮುಂದೆ ನೆಲದ ಮೇಲೆ ನಿಂತು ಸ್ಕ್ರೂಡ್ರೈವರಿನಿಂದ ಸ್ಟಾರ್ಟರಿನ ಎರಡು ತುದಿಗಳನ್ನು ಮುಟ್ಟಿಸುವುದು ದಿನಚರಿಯಾಗುತ್ತದೆ. ಹಿಂದಿನ ರಾತ್ರಿ ಯಾರೋ ಗೇರಿನಲ್ಲೇ ನಿಲ್ಲಿಸಿ ಹೋಗಿದ್ದರೆ ಟ್ರ್ಯಾಕ್ಟರ್ ನಿಂತವನ ಮೇಲೆಯೇ ಹತ್ತುತ್ತದೆ. ಡೀಸೆಲ್ ಎಂಜಿನ್ ಒಮ್ಮೆ ಹತ್ತಿಕೊಂಡರೆ ಸ್ಕ್ರೂಡ್ರೈವರ್ ತೆಗೆದಾಕ್ಷಣ ನಿಲ್ಲುವುದಿಲ್ಲ; ಇಂಧನ ಕಡಿಯುವ ಗುಂಡಿ ಎಳೆಯಬೇಕು, ಅದು ಇರುವುದು ಮೇಲೆ, ಚಾಲಕನ ಆಸನದ ಬಳಿ.

ಇನ್ನು ಲೋಡರಿನ ವಿಷಯ. ಇದನ್ನು ತುಸು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹಳೆಯ ಟ್ರ್ಯಾಕ್ಟರಿನ ಮೂತಿಗೆ ಲೋಡರ್ ಕಟ್ಟಿಸುವ ಚಾಳಿ ನಮ್ಮಲ್ಲಿ ಬೆಳೆಯುತ್ತಿದೆ. ಗೊಬ್ಬರ ತುಂಬಲು, ಕೆರೆಯ ಹೂಳು ಎತ್ತಲು, ಇಟ್ಟಿಗೆ ಗೂಡಿನಲ್ಲಿ ಮಣ್ಣು ಸರಿಸಲು ಅದು ಉಪಯುಕ್ತ. ಜೆಸಿಬಿ ತರಿಸುವಷ್ಟು ಕೆಲಸವಿಲ್ಲದಿದ್ದಾಗ ಲಾಭದಾಯಕವೂ ಹೌದು. ಊರಿನ ವೆಲ್ಡಿಂಗ್ ಶಾಪಿನಲ್ಲೇ ತೋಳು, ಬಕೆಟ್ಟು ಸಿದ್ಧವಾಗುತ್ತವೆ. ಆದರೆ ಆ ಟ್ರ್ಯಾಕ್ಟರನ್ನು ರೂಪಿಸಿದವರು ಅದು ಹಿಂದಕ್ಕೆ ಎಳೆಯಲಿ ಎಂದು ರೂಪಿಸಿದ್ದರೇ ಹೊರತು ಮುಂದಕ್ಕೆ ಎತ್ತಲಿ ಎಂದಲ್ಲ.

ಟ್ರ್ಯಾಕ್ಟರಿಗೆ ನಾಲ್ಕು ಚಕ್ರಗಳಿದ್ದರೂ ಅದು ನಿಂತಿರುವುದು ಮೂರು ಕಾಲಿನ ಮಣೆಯ ಮೇಲೆ. ಮುಂದಿನ ಅಚ್ಚು ಮಧ್ಯದಲ್ಲಿ ಒಂದೇ ಪಿನ್ನಿನ ಮೇಲೆ ತೂಗಾಡುತ್ತದೆ. ಏರುತಗ್ಗಿನ ಹೊಲದಲ್ಲಿ ನಾಲ್ಕೂ ಚಕ್ರ ನೆಲ ಹಿಡಿಯಲೆಂದೇ ಈ ಏರ್ಪಾಡು. ಆ ಪಿನ್ನು ಮತ್ತು ಹಿಂದಿನ ಎರಡು ಚಕ್ರಗಳು ಸೇರಿ ಆಗುವ ತ್ರಿಕೋನದ ಒಳಗೆ ಭಾರವಿರುವವರೆಗೆ ಯಂತ್ರ ಮಗುಚುವುದಿಲ್ಲ. ತುಂಬಿದ ಬಕೆಟ್ಟನ್ನು ತಲೆಯೆತ್ತರಕ್ಕೆ ಎತ್ತಿದಾಗ ಭಾರದ ಕೇಂದ್ರ ಮುಂದಕ್ಕೂ ಮೇಲಕ್ಕೂ ಹೋಗಿ ತ್ರಿಕೋನದ ಕಿರಿದಾದ ತುದಿಯನ್ನು ಸಮೀಪಿಸುತ್ತದೆ. ಆಗ ಒಂದು ಚಕ್ರ ಸಣ್ಣ ಗುಂಡಿಗಿಳಿದರೂ ಸಾಕು. ಬಕೆಟ್ಟನ್ನು ಮೊಣಕಾಲಿನ ಎತ್ತರಕ್ಕಿಂತ ಮೇಲೆತ್ತದೆ ಸಾಗಬೇಕು ಎಂಬ ನಿಯಮದ ಹಿಂದಿರುವುದು ಇಷ್ಟೇ ಲೆಕ್ಕ.

ಇದಕ್ಕಿಂತ ಕಡಿಮೆ ಮಂದಿ ಗಮನಿಸಿರುವ ಸಂಗತಿಯೊಂದಿದೆ. ನಮ್ಮ ಸಾಮಾನ್ಯ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಮುಂದೆ ಭಾರ ಹೆಚ್ಚಿದಷ್ಟೂ ಹಿಂದಿನ ಚಕ್ರಗಳು ಹಗುರವಾಗುತ್ತವೆ. ಇಳಿಜಾರಿನಲ್ಲಿ ತುಂಬಿದ ಬಕೆಟ್ಟಿನೊಡನೆ ಇಳಿಯುವ ಚಾಲಕ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ; ಅದು ಜಾರುತ್ತದೆ. ಬ್ರೇಕ್ ಫೇಲಾಯಿತು ಎಂದು ಜನ ಹೇಳುವ ಎಷ್ಟೋ ಪ್ರಸಂಗಗಳಲ್ಲಿ ಬ್ರೇಕಿನ ತಪ್ಪೇನೂ ಇರಲಾರದು. ಹಿಂಬದಿಗೆ ಸಮತೂಕದ ಭಾರ ಕಟ್ಟುವುದು, ಹಿಂದಿನ ಟೈರುಗಳಲ್ಲಿ ನೀರು ತುಂಬಿಸುವುದು ಇದಕ್ಕೆ ಪರಿಹಾರ. ಲೋಡರ್ ಕಟ್ಟಿಕೊಡುವ ವೆಲ್ಡರ್ ಹಿಂದಿನ ತೂಕವನ್ನೂ ಕಟ್ಟಿಕೊಟ್ಟದ್ದನ್ನು ನಾನು ಕಂಡಿರುವುದು ಅಪರೂಪ.

ಮೇಲೆತ್ತಿದ ಬಕೆಟ್ಟಿನ ಕೆಳಗೆ ನಿಂತು ಕೆಲಸ ಮಾಡುವವರನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆ ತೋಳನ್ನು ಮೇಲೆ ಹಿಡಿದಿರುವುದು ಕಬ್ಬಿಣವಲ್ಲ, ರಬ್ಬರಿನ ಕೊಳವೆಯೊಳಗಿನ ಎಣ್ಣೆ. ಕೊಳವೆ ಒಡೆದರೆ, ಸೀಲು ಸವೆದಿದ್ದರೆ, ಅಥವಾ ಆಟವಾಡುವ ಮಗುವೊಂದು ಲಿವರ್ ಮುಟ್ಟಿದರೆ ತೋಳು ಕೆಳಗೆ ಬರುತ್ತದೆ. ಎಂಜಿನ್ ಆರಿದ್ದರೂ ಬರುತ್ತದೆ. ಆಸನದಿಂದ ಇಳಿಯುವ ಮುನ್ನ ಬಕೆಟ್ಟನ್ನು ನೆಲಕ್ಕೆ ಊರಬೇಕು. ದುರಸ್ತಿಗಾಗಿ ಎತ್ತಿಯೇ ಇಡಬೇಕಾದರೆ ಹೊರಚಾಚಿದ ಸಿಲಿಂಡರಿನ ದಂಡಕ್ಕೆ ಉಕ್ಕಿನ ಆಸರೆ ತೊಡಿಸಬೇಕು. ಮರದ ತುಂಡನ್ನು ಒಡ್ಡುವುದು ಆಸರೆಯಲ್ಲ.

ಆ ಎಣ್ಣೆಯ ಒತ್ತಡವೂ ಸಾಮಾನ್ಯವಾದುದಲ್ಲ. ನಿಮ್ಮ ಸ್ಕೂಟರಿನ ಟೈರಿನಲ್ಲಿರುವ ಒತ್ತಡದ ಐವತ್ತು ಪಟ್ಟಿಗೂ ಹೆಚ್ಚು. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾದರೆ ಹೊರಬರುವ ಎಣ್ಣೆ ಕಣ್ಣಿಗೆ ಕಾಣದಿರಬಹುದು. ಎಲ್ಲಿ ಸೋರುತ್ತಿದೆಯೆಂದು ಬೆರಳಿನಿಂದ ಸವರಿ ನೋಡುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಎಣ್ಣೆ ಚರ್ಮವನ್ನು ಭೇದಿಸಿ ಮಾಂಸದೊಳಗೆ ಇಳಿಯುತ್ತದೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಾಣುತ್ತದೆ, ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾದೀತು. ಅರಿಸಿನ ಹಚ್ಚಿ ಬಟ್ಟೆ ಕಟ್ಟಿ ಮರುದಿನ ಆಸ್ಪತ್ರೆಗೆ ಹೋಗುವಂಥ ಗಾಯ ಇದಲ್ಲ ಎಂಬುದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ತಿಳಿದಿರಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಸಾಕು, ಅದಕ್ಕೆ ಖರ್ಚೇ ಇಲ್ಲ.

ಗ್ಯಾರೇಜಿನ ಇನ್ನೊಂದು ಅಪಾಯ ಕ್ಲಚ್ ಕೆಲಸ. ಟ್ರ್ಯಾಕ್ಟರಿಗೆ ಲಾರಿಯಂತೆ ಚಾಸಿ ಇಲ್ಲ. ಎಂಜಿನ್ನೂ ಗೇರ್‌ಬಾಕ್ಸೂ ಒಂದಕ್ಕೊಂದು ಬೋಲ್ಟಾಗಿ ಅವೇ ಅದರ ಬೆನ್ನುಮೂಳೆ. ಕ್ಲಚ್ ಬದಲಿಸಲು ಯಂತ್ರವನ್ನು ನಡುವೆ ಎರಡಾಗಿ ಬೇರ್ಪಡಿಸಬೇಕು. ಬೇರ್ಪಟ್ಟ ಮುಂಭಾಗ ಅದೇ ಒಂಟಿ ಪಿನ್ನಿನ ಮೇಲೆ ನಿಂತಿರುವುದರಿಂದ ಪಕ್ಕಕ್ಕೆ ವಾಲುತ್ತದೆ. ಅಚ್ಚಿನ ಎರಡೂ ಬದಿಗೆ ಬೆಣೆ ಬಡಿಯದಿದ್ದರೆ ಕೆಳಗಿದ್ದವನ ಗತಿ ಹೇಳಬೇಕಿಲ್ಲ. ರಸ್ತೆ ಬದಿಯಲ್ಲಿ ಜಾಕಿಯೊಂದು, ಅದರಡಿಗೆ ಸೈಜುಗಲ್ಲು, ಪಕ್ಕದಲ್ಲಿ ಕೆಲಸ ಕಲಿಯಲು ಬಂದ ಹುಡುಗ ಎಂಬ ದೃಶ್ಯ ನಮಗೆಲ್ಲ ಪರಿಚಿತ. ಕಲ್ಲು ಭಾರಕ್ಕೆ ಬಿರುಕು ಬಿಡುವಾಗ ಮುನ್ಸೂಚನೆ ಕೊಡುವುದಿಲ್ಲ.

ಮಗುಚಿಕೊಳ್ಳುವುದರ ಬಗ್ಗೆ ಜಗತ್ತು ಪರಿಹಾರ ಕಂಡುಕೊಂಡು ಬಹಳ ಕಾಲವಾಯಿತು. ಹೊಸ ಟ್ರ್ಯಾಕ್ಟರುಗಳಿಗೆಲ್ಲ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟು ಇರಬೇಕೆಂದು ಸ್ವೀಡನ್ 1959ರಲ್ಲೇ ಕಡ್ಡಾಯ ಮಾಡಿತು. ಕ್ರಮೇಣ ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಬಹುತೇಕ ಇಲ್ಲವಾಯಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2006ರಿಂದ ಹಳೆಯ ಟ್ರ್ಯಾಕ್ಟರಿಗೆ ಈ ಚೌಕಟ್ಟು ಹಾಕಿಸಿಕೊಳ್ಳುವ ರೈತನಿಗೆ ಖರ್ಚಿನ ಶೇ 70ರಷ್ಟನ್ನು ಮರಳಿಸುವ ಯೋಜನೆ ನಡೆಯಿತು. ನಮ್ಮ ಕಾರ್ಖಾನೆಗಳಿಂದ ಅಲ್ಲಿಗೆ ರಫ್ತಾಗುವ ಟ್ರ್ಯಾಕ್ಟರಿಗೂ ಈ ಚೌಕಟ್ಟು ಇರುತ್ತದೆ. ನಮ್ಮ ಹೊಲಗಳಲ್ಲಿ ಓಡುವ ಬಹುಪಾಲು ಟ್ರ್ಯಾಕ್ಟರುಗಳಿಗೆ ಇಲ್ಲ. ನಮ್ಮಲ್ಲಿ ಹಾಕಿಸಿಕೊಳ್ಳುವುದು ನೆರಳಿಗಾಗಿ ಪೈಪಿನ ಚಪ್ಪರ. ಅದು ಬಿಸಿಲು ತಡೆಯುತ್ತದೆ, ಎರಡು ಟನ್ ತೂಕವನ್ನಲ್ಲ. ಚೌಕಟ್ಟಿದ್ದರೆ ಸೀಟ್ ಬೆಲ್ಟ್ ಕಟ್ಟಲೇಬೇಕು, ಚೌಕಟ್ಟಿಲ್ಲದಿದ್ದರೆ ಕಟ್ಟಲೇಬಾರದು ಎಂಬ ಸೂಕ್ಷ್ಮವನ್ನೂ ಹೇಳಿಕೊಡುವವರು ಬೇಕು.

ನಗರದ ಓದುಗರಿಗೆ ಇದೆಲ್ಲ ದೂರದ ಮಾತೆನಿಸಬಹುದು. ಆದರೆ ಹೊಲದಲ್ಲಿ ದುಡಿದು ದಣಿದ ಎಷ್ಟೋ ಟ್ರ್ಯಾಕ್ಟರುಗಳು ಕೊನೆಗೆ ಬರುವುದು ನಗರದ ಅಂಚಿಗೇ. ಕಟ್ಟಡದ ಅವಶೇಷ ಸಾಗಿಸುವುದು, ಬಡಾವಣೆಗಳಿಗೆ ನೀರಿನ ಟ್ಯಾಂಕರ್ ಎಳೆಯುವುದು ಅವುಗಳ ವೃದ್ಧಾಪ್ಯದ ಉದ್ಯೋಗ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಜಿಲ್ಲಾಡಳಿತ ಟ್ಯಾಂಕರುಗಳಿಗೆ ದರ ನಿಗದಿ ಮಾಡಿತು. ದರದ ಬಗ್ಗೆ ನಡೆದಷ್ಟು ಚರ್ಚೆ ಶಾಲೆಯ ಮುಂದೆ ಹಾದುಹೋಗುವ ಆ ತುಂಬಿದ ಟ್ಯಾಂಕರಿಗೆ ಸ್ವಂತ ಬ್ರೇಕ್ ಇದೆಯೇ ಎಂಬುದರ ಬಗ್ಗೆ ನಡೆಯಲಿಲ್ಲ.

ಮಾಡಬಹುದಾದುದು ಅಸಾಧ್ಯವಾದುದೇನಲ್ಲ. ಐದು ವರ್ಷದ ನವೀಕರಣಕ್ಕೆ ಬಂದ ಟ್ರ್ಯಾಕ್ಟರಿನಲ್ಲಿ ಪಿಟಿಒ ಕವಚ, ಸ್ಟಾರ್ಟರ್ ಸ್ವಿಚ್, ಎರಡು ಬ್ರೇಕ್ ಪೆಡಲುಗಳನ್ನು ಜೋಡಿಸುವ ಕೊಂಡಿ, ಹಿಂದಿನ ಕೆಂಪು ಪ್ರತಿಫಲಕ ಇವೆಯೇ ಎಂದು ನೋಡಲು ಸಾರಿಗೆ ಇಲಾಖೆಗೆ ಹತ್ತು ನಿಮಿಷ ಬೇಕು. ಇಲ್ಲದಿದ್ದರೆ ದಂಡ ಹಾಕಿ ರೈತನನ್ನು ಗೋಳಾಡಿಸುವುದು ಬೇಡ; ಹೊಸ ಉಪಕರಣಕ್ಕೆ ಸಹಾಯಧನ ಕೊಡುವ ಕೃಷಿ ಇಲಾಖೆ ಈ ಬಿಡಿಭಾಗಗಳಿಗೂ, ಮಗುಚು ರಕ್ಷಣೆಯ ಚೌಕಟ್ಟಿಗೂ ಕೊಡಲಿ. ಒಂದು ರೋಟವೇಟರಿನ ಸಹಾಯಧನದಲ್ಲಿ ಎಷ್ಟು ಕವಚಗಳು ಬಂದಾವೆಂದು ಯಾರಾದರೂ ಲೆಕ್ಕ ಹಾಕಲಿ. ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ಕವಚವಿಲ್ಲದ ಯಂತ್ರವನ್ನು ಹೊರಗೆ ಬಿಡದಿದ್ದರೆ ಅದೇ ಒಂದು ಪಾಠವಾದೀತು.

ಮೆಕ್ಯಾನಿಕ್‌ಗಳನ್ನು ಮರೆತು ಮಾಡುವ ಯಾವ ಯೋಜನೆಯೂ ನಡೆಯದು. ರೈತ ಇಲಾಖೆಯ ಮಾತಿಗಿಂತ ಅವರ ಮಾತನ್ನು ನಂಬುತ್ತಾನೆ. ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷೆಗೆಂದೇ ಕೇಂದ್ರ ಸರ್ಕಾರದ ಸಂಸ್ಥೆಯೊಂದು ನಮ್ಮ ಗಡಿಯಾಚೆ, ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಬಳ್ಳಾರಿ, ಪಾವಗಡದವರಿಗೆ ಅದು ಬೆಂಗಳೂರಿಗಿಂತ ಹತ್ತಿರ. ಊರೂರಿನ ಗ್ಯಾರೇಜಿನವರನ್ನು, ಲೋಡರ್ ಕಟ್ಟುವ ವೆಲ್ಡರುಗಳನ್ನು ದಿನಭತ್ಯೆ ಕೊಟ್ಟು ಮೂರು ದಿನ ಅಲ್ಲಿಗೋ, ನಮ್ಮ ಕೃಷಿ ವಿಶ್ವವಿದ್ಯಾಲಯಗಳಿಗೋ ಕರೆದೊಯ್ಯುವುದು ಕಷ್ಟವೇನಲ್ಲ. ದಿನಭತ್ಯೆಯ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಗ್ಯಾರೇಜಿಗೆ ಬೀಗ ಹಾಕಿ ಬರುವವನಿಗೆ ಪ್ರಮಾಣಪತ್ರವೊಂದನ್ನೇ ಕೊಟ್ಟು ಕಳುಹಿಸಿದರೆ ಎರಡನೆಯ ತಂಡಕ್ಕೆ ಜನ ಸಿಗುವುದಿಲ್ಲ.

ಕೊನೆಯದಾಗಿ ಎಣಿಕೆಯ ಪ್ರಶ್ನೆ. ಹೆದ್ದಾರಿಯಲ್ಲಿ ಟ್ರ್ಯಾಕ್ಟರ್ ಮಗುಚಿದರೆ ಅದು ರಸ್ತೆ ಅಪಘಾತ, ಅದಕ್ಕೊಂದು ಲೆಕ್ಕವಿದೆ. ಅದೇ ಟ್ರ್ಯಾಕ್ಟರ್ ಹತ್ತು ಮಾರು ದೂರದ ಗದ್ದೆಯ ಬದುವಿನಲ್ಲಿ ಮಗುಚಿದರೆ ಅದು ರಸ್ತೆಯದೂ ಅಲ್ಲ, ಕಾರ್ಖಾನೆಯದೂ ಅಲ್ಲ. ಠಾಣೆಯಲ್ಲಿ ದಾಖಲಾಗುವ ಪ್ರಕರಣಕ್ಕೆ ಯಂತ್ರ ಯಾವುದು, ಯಾವ ಭಾಗ ಇರಲಿಲ್ಲ, ಲೋಡರ್ ಇತ್ತೇ ಎಂಬ ಮೂರು ಸಾಲು ಸೇರಿಸಿ, ಅದರ ಪ್ರತಿಯನ್ನು ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಕಳುಹಿಸುವಂತೆ ಗೃಹ ಇಲಾಖೆ ಒಂದು ಸುತ್ತೋಲೆ ಹೊರಡಿಸಬಹುದು.