ನೆಹರೂ ಮನೆತನ ಮುಸ್ಲಿಮರದೇ? ಸಾಕ್ಷಿ ಎಲ್ಲಿದೆ?

ಚುನಾವಣೆ ಸಮೀಪಿಸಿದಾಗಲೆಲ್ಲ ಹುಬ್ಬಳ್ಳಿ-ಧಾರವಾಡದ ಮೊಬೈಲುಗಳಲ್ಲಿ ಹಳೆಯ ಕಥೆಯೊಂದು ಮರುಜೀವ ಪಡೆಯುತ್ತದೆ. ಜವಾಹರಲಾಲ್ ನೆಹರೂರವರ ಅಜ್ಜ ಗಂಗಾಧರರು ವಾಸ್ತವದಲ್ಲಿ ಗಿಯಾಸುದ್ದೀನ್ ಘಾಝಿ ಎಂಬ ಮುಸ್ಲಿಮರಾಗಿದ್ದು, 1857ರ ದಂಗೆಯ ಬಳಿಕ ಬ್ರಿಟಿಷರಿಂದ ಪಾರಾಗಲು ಹೆಸರು ಬದಲಿಸಿಕೊಂಡರಂತೆ. ಇಂದಿರಾ ಗಾಂಧಿಯವರ ಪತಿ ಫಿರೋಝ್ ಕೂಡ 'ಖಾನ್' ಆಗಿದ್ದರಂತೆ. ಈ 'ಅಂತೆ'ಗಳು ಹರಟೆಕಟ್ಟೆಯಲ್ಲೇ ಉಳಿದಿಲ್ಲ. 2015ರ ಜೂನ್‌ನಲ್ಲಿ ಸರಕಾರಿ ಅಂತರ್ಜಾಲ ವಿಳಾಸವೊಂದರಿಂದಲೇ ವಿಕಿಪೀಡಿಯದ ಪುಟಗಳಿಗೆ ಈ ಕಥೆಯನ್ನು ಸೇರಿಸಲಾಗಿತ್ತು. 2019ರಲ್ಲಿ ಉತ್ತರ ಕನ್ನಡದ ಅಂದಿನ ಸಂಸದ, ಕೇಂದ್ರ ಸಚಿವ ಅನಂತಕುಮಾರ್ ಹೆಗಡೆಯವರು ರಾಹುಲ್ ಗಾಂಧಿಯವರನ್ನು ಮುಸ್ಲಿಂ ತಂದೆಯ ಮಗನೆಂದು ಬಹಿರಂಗವಾಗಿಯೇ ಹೇಳಿದರು. ಧಾರವಾಡದ ನೆರೆಯ ಕಿತ್ತೂರು ಅವರದೇ ಕ್ಷೇತ್ರದಲ್ಲಿತ್ತು.

ಆರೋಪ ಮಾಡುವವನೇ ಸಾಕ್ಷಿ ಒದಗಿಸಬೇಕೆಂಬುದು ಇಸ್ಲಾಮೀ ನ್ಯಾಯಶಾಸ್ತ್ರದ ಮೂಲತತ್ವ. ದೇಶದ ನ್ಯಾಯಾಲಯಗಳೂ ಅದನ್ನೇ ಹೇಳುತ್ತವೆ. ಈ ಕಥೆಯನ್ನು ಹಬ್ಬಿಸುವವರು ಇದುವರೆಗೆ ಒಂದು ದಾಖಲೆಯನ್ನೂ ಮುಂದಿಟ್ಟಿಲ್ಲ. ಆದರೂ ನಾವು ಅದನ್ನು ತರ್ಕದ ಒರೆಗೆ ಹಚ್ಚಿ ನೋಡೋಣ.

ಗಂಗಾಧರರು ದಂಗೆಗೆ ಮುನ್ನ ದಿಲ್ಲಿಯ ಕೊತ್ವಾಲರಾಗಿದ್ದರು. 1861ರಲ್ಲಿ ಆಗ್ರಾದಲ್ಲಿ ನಿಧನರಾದರು. ಅವರ ತಂದೆ ಲಕ್ಷ್ಮೀನಾರಾಯಣರು ಮೊಗಲ್ ದರಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವಕೀಲರಾಗಿದ್ದರೆಂದು ನೆಹರೂ 1936ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇದು ಮನೆಯವರ ಮಾತಾಯಿತು, ಅದನ್ನು ಬದಿಗಿಡೋಣ. ಬ್ರಿಟಿಷರಿಗೆ ಹೆದರಿ ವೇಷ ಮರೆಸಿಕೊಂಡವರ ಮಗ ಬನ್ಸೀಧರರು ಅದೇ ಬ್ರಿಟಿಷರ ನ್ಯಾಯಾಂಗ ಇಲಾಖೆಗೆ ಸೇರಿದ್ದು ಹೇಗೆ? ಅಡಗಿರಬೇಕಾದವರು ಸರಕಾರದ ಕಚೇರಿಯಲ್ಲೇ ನೌಕರಿ ಹಿಡಿಯುತ್ತಾರೆಯೇ?

ಇದಕ್ಕಿಂತ ಬಲವಾದ ಸಾಕ್ಷಿ ಅವರ ಜಾತಿಯವರದೇ. ಉತ್ತರ ಭಾರತದ ಕಾಶ್ಮೀರಿ ಪಂಡಿತರದು ತಮ್ಮತಮ್ಮಲ್ಲೇ ಹೆಣ್ಣು-ಗಂಡು ಕೊಟ್ಟು ತರುತ್ತಿದ್ದ ಚಿಕ್ಕ ಬಳಗ. 1899ರಲ್ಲಿ ಯುರೋಪಿನಿಂದ ಮರಳಿದ ಮೋತಿಲಾಲರು ಪ್ರಾಯಶ್ಚಿತ್ತ ಮಾಡಿಕೊಳ್ಳಲು ನಿರಾಕರಿಸಿದಾಗ ಆ ಬಳಗದ ಸಂಪ್ರದಾಯಸ್ಥರು ಅವರನ್ನು ಜಾತಿಯಿಂದ ಹೊರಹಾಕಿದರು. ಸಮುದ್ರ ದಾಟಿದ್ದನ್ನೇ ಕ್ಷಮಿಸದವರು ಅವರ ತಂದೆ ಮುಸ್ಲಿಮನೆಂಬ ಗುಮಾನಿ ಇದ್ದಿದ್ದರೆ ಸುಮ್ಮನಿರುತ್ತಿದ್ದರೇ? ಮುಂದೆ ಜವಾಹರಲಾಲರಿಗೆ ದಿಲ್ಲಿಯ ಕೌಲ್ ಮನೆತನದ ಕಮಲಾರನ್ನು ಕೊಟ್ಟು ಮದುವೆ ಮಾಡುತ್ತಿದ್ದರೇ?

ಫಿರೋಝರ ವಿಷಯ ಇನ್ನೂ ಸ್ಪಷ್ಟ. ಅವರು 1912ರಲ್ಲಿ ಮುಂಬಯಿಯಲ್ಲಿ ಜನಿಸಿದ ಪಾರ್ಸಿ. ತಂದೆ ಜಹಾಂಗೀರ್ ಫರೀದೂನ್ ಘಾಂಡಿ. 1942ರ ಮಾರ್ಚ್‌ನಲ್ಲಿ ಇಂದಿರಾರೊಂದಿಗೆ ಅವರ ವಿವಾಹ ನಿಶ್ಚಯವಾದಾಗ ಪಾರ್ಸಿಗೆ ಹೆಣ್ಣು ಕೊಡುವುದೇ ಎಂದು ಸಿಟ್ಟಾದವರು ಗಾಂಧೀಜಿಗೆ ಪತ್ರ ಬರೆದರು. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಅದಕ್ಕೆ ಉತ್ತರಿಸಿದರು. ಅಂದಿನ ವಿರೋಧಿಗಳಿಗೂ ಕಾಣದ 'ಖಾನ್' ಇಂದಿನವರಿಗೆ ಕಂಡದ್ದು ಎಲ್ಲಿಂದ? 1960ರಲ್ಲಿ ಫಿರೋಝ್ ತೀರಿಕೊಂಡಾಗ ಅವರ ಚಿತಾಭಸ್ಮದ ಒಂದು ಭಾಗ ಅಲಹಾಬಾದಿನ ಪಾರ್ಸಿ ಸ್ಮಶಾನ ಸೇರಿತು. ಫಿರೋಝ್ ಎಂಬುದು ಪಾರ್ಸಿ ಭಾಷೆಯ ಹೆಸರು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಫಿರೋಝ್‌ಶಾ ಮೆಹ್ತಾರೂ ಪಾರ್ಸಿಗಳೇ ಆಗಿದ್ದರು.

ಕಥೆ ಸುಳ್ಳೆಂಬಲ್ಲಿಗೆ ವಿಷಯ ಮುಗಿಯುವುದಿಲ್ಲ. ಒಂದು ವೇಳೆ ನಿಜವೇ ಆಗಿದ್ದರೂ ಅದರಲ್ಲಿ ಅಪರಾಧವೇನು? ಸಂಸತ್ ಸದಸ್ಯನ ಅರ್ಹತೆಗಳನ್ನು ಹೇಳುವ ಸಂವಿಧಾನದ 84ನೇ ವಿಧಿಯಲ್ಲಿ ಪೌರತ್ವವಿದೆ, ವಯಸ್ಸಿದೆ, ಪ್ರಮಾಣವಚನವಿದೆ; ಅಜ್ಜನ ಧರ್ಮವಿಲ್ಲ. ಇಲ್ಲಿ 'ಮುಸ್ಲಿಂ' ಎಂಬ ಪದವನ್ನು ಬೈಗುಳವಾಗಿ ಬಳಸಲಾಗಿದೆ. ಕಲ್ಲು ಬಿದ್ದದ್ದು ನೆಹರೂ ಮನೆಯ ಮೇಲಾದರೂ ಗಾಯವಾದದ್ದು ನಮಗೆ. ಕಾಂಗ್ರೆಸ್ ವಕ್ತಾರರು 2017ರಲ್ಲಿ ರಾಹುಲ್ ಜನಿವಾರಧಾರಿಯೆಂದು ಸಮರ್ಥಿಸಿಕೊಂಡರೇ ಹೊರತು, ಮುಸ್ಲಿಮನಾಗಿದ್ದರೆ ತಪ್ಪೇನೆಂದು ಕೇಳಲಿಲ್ಲ. ಜಾತ್ಯತೀತರೆನಿಸಿಕೊಂಡವರ ಈ ಮೌನ ಕ್ಷಮಾರ್ಹವಲ್ಲ.

ಆದರೆ ನಮ್ಮವರದೂ ಒಂದು ಪಾಲಿದೆ. 'ನೆಹರೂ ನಮ್ಮವರೇ' ಎಂದು ಹಿಗ್ಗಿ ಇದೇ ಸಂದೇಶವನ್ನು ದಾಟಿಸುವವರು ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ. ದ್ವೇಷದಿಂದ ಹಬ್ಬಿದರೂ ಅಭಿಮಾನದಿಂದ ಹಬ್ಬಿದರೂ ಸುಳ್ಳು ಸುಳ್ಳೇ. ಪ್ರವಾದಿ(ಸ)ಯವರ ಮನೆಯ ಮೇಲೆಯೇ ಇಂತಹ ವದಂತಿ ಎರಗಿತ್ತು. ಹಝ್ರತ್ ಆಯಿಶಾ(ರ)ರವರ ಮೇಲೆ ಕಪಟಿಗಳು ಹಬ್ಬಿಸಿದ ಅಪವಾದವನ್ನು ಕೆಲವು ಮುಸ್ಲಿಮರೂ ಬಾಯಿಂದ ಬಾಯಿಗೆ ದಾಟಿಸಿದ್ದರು. ಸೂರಃ ಅನ್ನೂರ್ ಅವರನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು, ಸಾಕ್ಷಿಗಳನ್ನೇಕೆ ಕೇಳಲಿಲ್ಲವೆಂದು ಪ್ರಶ್ನಿಸಿತು. ಸುದ್ದಿ ಬಂದರೆ ಮೊದಲು ಪರಿಶೀಲಿಸಿರೆಂಬ ಆಜ್ಞೆ ಸೂರಃ ಹುಜುರಾತ್‌ನಲ್ಲಿದೆ. ಅದು ಕೇವಲ ಪಾರಾಯಣಕ್ಕಾಗಿ ಇರುವುದಲ್ಲ.

ಮೊಬೈಲಿನ ಒಂದು ಸಂದೇಶಕ್ಕೆ ತೆರಬೇಕಾದ ಬೆಲೆಯನ್ನು ಹುಬ್ಬಳ್ಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2022ರ ಏಪ್ರಿಲ್ 16ರ ರಾತ್ರಿ ವಾಟ್ಸ್‌ಆ್ಯಪ್ ಚಿತ್ರವೊಂದರಿಂದ ಕೆರಳಿದ ಗುಂಪು ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ಸೇರಿ ಕಲ್ಲು ತೂರಾಟ ನಡೆಯಿತು. ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಕೆರಳಿಸುವವನಿಗೆ ಬೇಕಾದದ್ದು ನಮ್ಮ ಆತುರವೇ ಆಗಿದೆ.

ಆದ್ದರಿಂದ ಮುಂದಿನ ಸಲ ಯಾರದೇ ವಂಶದ ಕಥೆ ಕೈಗೆ ಬಂದಾಗ ಹೇಳಿದವನಾರು, ದಾಖಲೆ ಯಾವುದು, ಲಾಭ ಯಾರಿಗೆ ಎಂದು ಕೇಳೋಣ. ಉತ್ತರ ಸಿಗದ ಸಂದೇಶವನ್ನು ಅಲ್ಲಿಗೇ ಅಳಿಸಿಬಿಡೋಣ. ಜುಮಾ ಖುತ್ಬಾಗಳಲ್ಲಿ, ಮದ್ರಸಾಗಳಲ್ಲಿ, ಮನೆಯ ಊಟದ ಹೊತ್ತಿನಲ್ಲಿ ಮಕ್ಕಳಿಗೆ ಇದನ್ನು ಕಲಿಸೋಣ. ನಮ್ಮ ಮೇಲೆ ಸುಳ್ಳು ಹೊರಿಸಬೇಡಿರೆಂದು ಕೇಳುವ ಹಕ್ಕು, ಇತರರ ಮೇಲಿನ ಸುಳ್ಳನ್ನೂ ತಡೆದವರಿಗೆ ಮಾತ್ರ ಸಲ್ಲುತ್ತದೆ.